ದೋಷ ಪತ್ತೆಯ ಶ್ರಮಕ್ಕೂ ಬೆಲೆ ಇರಲಿ

ಸಣ್ಣ ಕೈಗಾರಿಕೋದ್ಯಮಿಗಳು ಹಾಗೂ ವರ್ತಕರಲ್ಲಿ ಅನೇಕರು ವ್ಯವಹಾರದ ಓಡಾಟಕ್ಕೆ ಹಳೆಯ ಕಾರುಗಳನ್ನೇ ಅವಲಂಬಿಸಿದ್ದಾರೆ. ಹತ್ತು ಹನ್ನೆರಡು ವರ್ಷ ಓಡಿದ ಕಾರನ್ನು ಕಡಿಮೆ ಬೆಲೆಗೆ ಕೊಂಡು, ಉಳಿದ ಬಂಡವಾಳವನ್ನು ಯಂತ್ರೋಪಕರಣಕ್ಕೋ ಸರಕಿಗೋ ತೊಡಗಿಸುವುದು ವಿವೇಕದ ನಡೆಯೇ ಸರಿ. ಆದರೆ ಹೀಗೆ ಉಳಿಸಿದ ಹಣ ಒಂದೇ ಒಂದು ದೂರಿನಿಂದ ಕರಗಿಹೋಗುವುದುಂಟು. ಆ ದೂರು ಎಲ್ಲ ಗ್ಯಾರೇಜುಗಳಿಗೂ ಪರಿಚಿತ: ‘ಗಾಡಿಗೆ ಪಿಕಪ್ ಇಲ್ಲ.’

ಮುಂದೆ ನಡೆಯುವ ಕ್ರಮವೂ ಅಷ್ಟೇ ಪರಿಚಿತ. ಮೊದಲು ಸ್ಪಾರ್ಕ್ ಪ್ಲಗ್‌ಗಳನ್ನು ಬದಲಾಯಿಸಲಾಗುತ್ತದೆ. ಗುಣ ಕಾಣದಿದ್ದರೆ ಇಗ್ನಿಷನ್ ಕಾಯಿಲ್, ಅನಂತರ ಪೆಟ್ರೋಲ್ ಪಂಪ್, ಆಮೇಲೆ ಒಂದೆರಡು ಸೆನ್ಸರ್. ಪ್ರತಿ ಬಾರಿಯೂ ಹೊಸ ಬಿಲ್ಲು, ಪ್ರತಿ ಬಾರಿಯೂ ಹೊಸ ಭರವಸೆ. ಶಿರಾಡಿ ಘಾಟಿಯ ಏರಿನಲ್ಲಿ ಕಾರು ಮಾತ್ರ ಮೊದಲಿನಂತೆಯೇ ಏದುಸಿರು ಬಿಡುತ್ತಿರುತ್ತದೆ. ಕೊನೆಗೆ ಮಾಲೀಕನು ಬೇಸತ್ತು ಅದನ್ನು ಸಿಕ್ಕಿದ ಬೆಲೆಗೆ ಮಾರುತ್ತಾನೆ. ದೋಷವು ಪತ್ತೆಯಾಗದೆಯೇ ಮತ್ತೊಬ್ಬನ ಪಾಲಾಗುತ್ತದೆ.

ಇದಕ್ಕೆ ಮೆಕ್ಯಾನಿಕ್‌ನ ಅಪ್ರಾಮಾಣಿಕತೆಯೇ ಕಾರಣವೆನ್ನುವುದು ಸುಲಭ, ಆದರೆ ನ್ಯಾಯವಲ್ಲ. ಅಳತೆಗೆ ಮೊದಲೇ ಬಿಡಿಭಾಗ ಬದಲಾಯಿಸುವ ಪದ್ಧತಿಯೇ ಇಲ್ಲಿನ ಮುಖ್ಯ ದೋಷ. ಈ ಪದ್ಧತಿಯನ್ನು ಪೋಷಿಸುತ್ತಿರುವವರಲ್ಲಿ ಗ್ರಾಹಕರೂ ಇದ್ದಾರೆ.

ಶಕ್ತಿ ಕುಂದಲು ಕಾರಣಗಳು

ಎಂಜಿನ್ ಶಕ್ತಿ ಕಳೆದುಕೊಳ್ಳುವ ಮಾರ್ಗಗಳು ಅಸಂಖ್ಯವೇನಲ್ಲ. ಗಾಳಿ ಸಾಕಷ್ಟು ಒಳಬರಬೇಕು, ಇಂಧನ ತಕ್ಕ ಪ್ರಮಾಣದಲ್ಲಿ ಸೇರಬೇಕು, ಸಿಲಿಂಡರಿನಲ್ಲಿ ಒತ್ತಡ ನಿಲ್ಲಬೇಕು, ಕಿಡಿ ಸಕಾಲಕ್ಕೆ ಹೊತ್ತಬೇಕು, ಉರಿದ ಹೊಗೆ ತಡೆಯಿಲ್ಲದೆ ಹೊರಹೋಗಬೇಕು. ಈ ಐದರಲ್ಲಿ ಯಾವುದು ತಪ್ಪಿದರೂ ಚಾಲಕನ ಅನುಭವಕ್ಕೆ ಬರುವುದು ಒಂದೇ ಲಕ್ಷಣ. ಲಕ್ಷಣ ಒಂದೇ ಆದುದರಿಂದ ಊಹೆಯಿಂದ ಕಾರಣವನ್ನು ಹಿಡಿಯಲಾಗದು.

ಮೊತ್ತಮೊದಲು, ಕುಂದಿರುವುದು ಎಂಜಿನ್ನಿನ ಶಕ್ತಿಯೇ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು. ಎಂಜಿನ್ನಿನ ಸುತ್ತು ಏರುತ್ತಿದ್ದರೂ ವೇಗ ಏರದಿದ್ದರೆ ಕ್ಲಚ್ ಜಾರುತ್ತಿದೆ ಎಂದರ್ಥ. ಸಮತಟ್ಟಾದ ರಸ್ತೆಯಲ್ಲಿ ನ್ಯೂಟ್ರಲ್‌ಗೆ ಹಾಕಿದ ಕಾರು ಬೇಗನೆ ನಿಲ್ಲುತ್ತಿದ್ದರೆ, ಅಥವಾ ಒಂದು ಚಕ್ರ ಮಾತ್ರ ಅತಿಯಾಗಿ ಬಿಸಿಯಾಗುತ್ತಿದ್ದರೆ, ಬ್ರೇಕ್ ಹಿಡಿದುಕೊಂಡಿರಬಹುದು. ಇನ್ನೊಬ್ಬರು ಆಕ್ಸಿಲರೇಟರನ್ನು ಪೂರ್ತಿ ಒತ್ತಿದಾಗ ಥ್ರಾಟಲ್ ಪೂರ್ತಿ ತೆರೆಯುತ್ತಿದೆಯೇ ಎಂದು ನೋಡುವುದಕ್ಕೆ ಖರ್ಚೇನೂ ಇಲ್ಲ. ಏರ್ ಫಿಲ್ಟರನ್ನು ಬಿಚ್ಚಿ ನೋಡುವುದೂ ಹಾಗೆಯೇ.

ಅನಂತರ ಅಳತೆಯ ಸರದಿ. ಕಂಪ್ರೆಷನ್ ಗೇಜ್‌ನಿಂದ ಪ್ರತಿ ಸಿಲಿಂಡರಿನ ಒತ್ತಡವನ್ನು ಅಳೆಯಬಹುದು. ಒಂದರಲ್ಲಿ ಮಾತ್ರ ಒತ್ತಡ ಕಡಿಮೆಯಿದ್ದರೆ ಅದರೊಳಗೆ ಒಂದು ಚಮಚೆಯಷ್ಟು ಎಂಜಿನ್ ಆಯಿಲ್ ಹನಿಸಿ ಮತ್ತೆ ಅಳೆಯಬೇಕು. ಒತ್ತಡ ಏರಿದರೆ ಪಿಸ್ಟನ್ ರಿಂಗುಗಳು ಸವೆದಿರುವ ಸಂಭವ ಹೆಚ್ಚು. ಏರದಿದ್ದರೆ ಸಂಶಯ ವಾಲ್ವ್‌ಗಳತ್ತ ಅಥವಾ ಹೆಡ್ ಗ್ಯಾಸ್ಕೆಟ್‌ನತ್ತ ತಿರುಗುತ್ತದೆ. ಇಂಧನದ ಒತ್ತಡವನ್ನೂ ಹೀಗೆಯೇ ಗೇಜ್‌ನಿಂದ ನೋಡಿದರೆ, ಪಂಪ್ ದೋಷಿಯೋ ನಿರ್ದೋಷಿಯೋ ಎಂಬುದು ಅದನ್ನು ಕೊಳ್ಳುವ ಮೊದಲೇ ತಿಳಿಯುತ್ತದೆ.

ವ್ಯಾಕ್ಯೂಮ್ ಗೇಜ್ ಇನ್ನೊಂದು ಉಪಯುಕ್ತ ಸಾಧನ. ಸಮುದ್ರಮಟ್ಟದಲ್ಲಿ ಆರೋಗ್ಯವಂತ ಪೆಟ್ರೋಲ್ ಎಂಜಿನ್ ಐಡ್ಲಿಂಗ್‌ನಲ್ಲಿ ಸುಮಾರು 17ರಿಂದ 21 ಅಂಗುಲ ಪಾದರಸದಷ್ಟು ನಿರ್ವಾತ ತೋರಿಸುತ್ತದೆ. ಪ್ರತಿ ಸಾವಿರ ಅಡಿ ಎತ್ತರಕ್ಕೆ ಸುಮಾರು ಒಂದು ಅಂಗುಲ ಕಡಿಮೆಯಾಗುವುದರಿಂದ, ಸುಮಾರು 3,000 ಅಡಿ ಎತ್ತರದ ಬೆಂಗಳೂರಿನಲ್ಲಿ 15 ಅಥವಾ 16 ಅಂಗುಲ ಬಂದರೆ ಅದು ದೋಷವಲ್ಲ. ಟರ್ಬೊ ಇಲ್ಲದ ಕಾರು ಮಂಗಳೂರಿಗಿಂತ ಬೆಂಗಳೂರಿನಲ್ಲಿ ಶೇ. 8–10ರಷ್ಟು ಕಡಿಮೆ ಶಕ್ತಿ ನೀಡುವುದು ಸಹಜ. ಈ ಅರಿವಿಲ್ಲದೆ ಪುಸ್ತಕದ ಅಂಕಿಯನ್ನೇ ಹಿಡಿದು ಹೊರಟರೆ ಒಳ್ಳೆಯ ಎಂಜಿನ್ನನ್ನೂ ಬಿಚ್ಚಬೇಕಾದೀತು.

ಎಂಜಿನ್ನನ್ನು 2,500 ಸುತ್ತುಗಳಲ್ಲಿ ಹಿಡಿದಿಟ್ಟಾಗ ವ್ಯಾಕ್ಯೂಮ್ ಮುಳ್ಳು ನಿಧಾನವಾಗಿ ಇಳಿಯುತ್ತಾ ಹೋದರೆ ಹೊಗೆಯ ದಾರಿಯಲ್ಲಿ ತಡೆ ಇರಬಹುದು. ನಮ್ಮಲ್ಲಿ ಹೆಚ್ಚಾಗಿ ಅಲಕ್ಷ್ಯಕ್ಕೆ ಗುರಿಯಾಗುವ ದೋಷವಿದು. 1995ರಲ್ಲಿ ನಾಲ್ಕು ಮಹಾನಗರಗಳ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಕಡ್ಡಾಯವಾಯಿತು. ಇಂದು ರಸ್ತೆಯಲ್ಲಿರುವ ಪೆಟ್ರೋಲ್ ಕಾರುಗಳಲ್ಲಿ ಅದು ಸಾಮಾನ್ಯ. ಅದರೊಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಅಥವಾ ಒಡೆದು ಕಟ್ಟಿಕೊಂಡರೆ ಎಂಜಿನ್ ಉಸಿರುಗಟ್ಟುತ್ತದೆ.

ಇಲ್ಲಿಯೂ ಎಚ್ಚರ ಅಗತ್ಯ. ಕನ್ವರ್ಟರ್ ತಾನಾಗಿ ಕೆಡುವುದು ಅಪರೂಪ. ಕಿಡಿ ತಪ್ಪಿ ಉರಿಯದ ಪೆಟ್ರೋಲ್ ಅದರೊಳಗೆ ಹೋಗಿ ಉರಿದಾಗ ಅದು ಅತಿಯಾಗಿ ಕಾಯುತ್ತದೆ. ಸುಟ್ಟ ಎಂಜಿನ್ ಆಯಿಲ್ ಅದರ ಮೇಲೆ ಕೂರುತ್ತದೆ. ಮೂಲ ದೋಷವನ್ನು ಸರಿಪಡಿಸದೆ ಕನ್ವರ್ಟರ್ ಬದಲಾಯಿಸಿದರೆ ಹೊಸದೂ ಹಳೆಯದರ ಹಾದಿಯನ್ನೇ ಹಿಡಿಯುತ್ತದೆ. ಒಳಗಿನ ಜೇನುಗೂಡನ್ನು ಒಡೆದು ತೆಗೆಯುವುದು ಅಗ್ಗದ ಉಪಾಯವೆನಿಸಿದರೂ, ಅದು ಊರಿನ ಗಾಳಿಗೆ ವಿಷ ಸೇರಿಸುವ ಕೆಲಸವಲ್ಲದೆ ದುರಸ್ತಿಯಲ್ಲ.

ಹೊಸ ನೆಪಗಳು

ಸ್ಕ್ಯಾನರ್ ಬಂದ ಮೇಲೆ ಊಹೆಯ ಕಾಲ ಮುಗಿಯಿತೆಂಬ ಭಾವನೆಯಿದೆ. ಸ್ಕ್ಯಾನರ್ ಹೇಳುವುದು ದೂರನ್ನು, ತೀರ್ಪನ್ನಲ್ಲ. ಮಿಶ್ರಣದಲ್ಲಿ ಪೆಟ್ರೋಲ್ ಕಡಿಮೆಯಾಗಿದೆ ಎಂಬ ಸಂಕೇತ ಬಂದ ಮಾತ್ರಕ್ಕೆ ಆಕ್ಸಿಜನ್ ಸೆನ್ಸರ್ ಕೆಟ್ಟಿದೆ ಎಂದಾಗದು. ಬಿರಿದ ಒಂದು ರಬ್ಬರ್ ಕೊಳವೆಯಿಂದ ಗಾಳಿ ನುಸುಳುತ್ತಿದ್ದರೂ ಅದೇ ಸಂಕೇತ ಬರುತ್ತದೆ. ಕೊಳವೆಯ ಬೆಲೆಗೂ ಸೆನ್ಸರಿನ ಬೆಲೆಗೂ ಅಜಗಜಾಂತರ.

ಎಥನಾಲ್ ಮಿಶ್ರಿತ ಪೆಟ್ರೋಲ್ ಇತ್ತೀಚಿನ ಇನ್ನೊಂದು ನೆಪ. ಶೇ. 20ರ ಮಿಶ್ರಣದ ಮಾರಾಟ 2023ರಲ್ಲಿ ಆರಂಭವಾಯಿತು. ಎಥನಾಲ್‌ನಲ್ಲಿ ಪೆಟ್ರೋಲಿಗಿಂತ ಶಕ್ತಿಯ ಅಂಶ ಕಡಿಮೆ ಎಂಬುದು ನಿಜ. ಹಳೆಯ ನಾಲ್ಕು ಚಕ್ರದ ವಾಹನಗಳಲ್ಲಿ ಇಂಧನ ದಕ್ಷತೆ ಶೇ. 6–7ರಷ್ಟು ಕುಗ್ಗಬಹುದೆಂದು ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿತ್ತು. ಹಳೆಯ ರಬ್ಬರ್ ಭಾಗಗಳಿಗೂ ಇದು ಒಗ್ಗದಿರಬಹುದು; ಟ್ಯಾಂಕಿನ ತಳದ ಕಸವನ್ನು ಕದಲಿಸಿ ಫಿಲ್ಟರ್ ಕಟ್ಟಿಸಲೂಬಹುದು. ಆದರೆ ಏರಿನಲ್ಲಿ ಕಾರು ನಿಂತೇಹೋಗುತ್ತಿದ್ದರೆ ಅದನ್ನು ಇಂಧನದ ತಲೆಗೆ ಕಟ್ಟಿ ಕೈತೊಳೆದುಕೊಳ್ಳುವುದು ಪರಿಹಾರವಲ್ಲ.

ಮಾಡಬೇಕಾದುದೇನು?

ಅಮೆರಿಕದ ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ಹಳೆಯ ಕಾರುಗಳ ಮಾರುಕಟ್ಟೆಯನ್ನೇ ಉದಾಹರಣೆಯಾಗಿಟ್ಟುಕೊಂಡು ಒಂದು ಪ್ರಸಿದ್ಧ ಪ್ರಬಂಧ ಬರೆದರು. ಮಾರುವವನಿಗೆ ತಿಳಿದದ್ದು ಕೊಳ್ಳುವವನಿಗೆ ತಿಳಿಯದಿದ್ದಾಗ, ಒಳ್ಳೆಯ ಸರಕು ಮಾರುಕಟ್ಟೆಯಿಂದ ಹಿಂದೆ ಸರಿದು ಕೆಟ್ಟದ್ದೇ ಉಳಿಯುತ್ತದೆ ಎಂಬುದು ಅದರ ತಿರುಳು. 2001ರಲ್ಲಿ ಅವರು ನೊಬೆಲ್ ಪುರಸ್ಕಾರವನ್ನು ಇನ್ನಿಬ್ಬರೊಡನೆ ಹಂಚಿಕೊಂಡರು. ಈ ಮಾತು ದುರಸ್ತಿಗೂ ಅನ್ವಯಿಸುತ್ತದೆ. ಒಂದು ಗಂಟೆ ಅಳತೆ ಮಾಡಿ ‘ಪಂಪ್ ಸರಿಯಾಗಿದೆ, ಬದಲಾಯಿಸಬೇಡಿ’ ಎನ್ನುವ ಮೆಕ್ಯಾನಿಕ್‌ಗೆ ಗ್ರಾಹಕನು ‘ಬರೀ ನೋಡಿದ್ದಕ್ಕೆ ದುಡ್ಡೇ?’ ಎನ್ನುತ್ತಾನೆ. ಪಂಪ್ ಬದಲಾಯಿಸಿದವನಿಗೆ ಚಕಾರವೆತ್ತದೆ ಹಣ ಕೊಡುತ್ತಾನೆ. ಹೀಗಿರುವಾಗ ಅಳೆಯುವವನು ಉಳಿಯುವುದು ಹೇಗೆ?

ಉದ್ಯಮಿಗಳಿಗೆ ಇದನ್ನು ವಿವರಿಸಿ ಹೇಳಬೇಕಾಗಿಲ್ಲ. ತಮ್ಮ ಕಾರ್ಖಾನೆಯ ಲೇತ್‌ನಲ್ಲಿ ತಯಾರಾದ ಬಿಡಿಭಾಗದ ಅಳತೆ ತಪ್ಪಿದರೆ, ಡಯಲ್ ಗೇಜ್ ಇಟ್ಟು ನೋಡದೆ ಸ್ಪಿಂಡಲ್ ಬದಲಾಯಿಸಲು ಯಾವ ಮಾಲೀಕನೂ ಒಪ್ಪನು. ಅದೇ ಮಾಲೀಕನು ತನ್ನ ಕಾರಿನ ವಿಷಯದಲ್ಲಿ ಆ ಶಿಸ್ತನ್ನು ಮರೆಯುವುದು ವಿಚಿತ್ರ.

ಆದ್ದರಿಂದ ದೋಷ ಪತ್ತೆಯ ಶುಲ್ಕವನ್ನು ಬಿಲ್ಲಿನಲ್ಲಿ ಪ್ರತ್ಯೇಕವಾಗಿ ನಮೂದಿಸುವಂತೆ ಗ್ರಾಹಕರೇ ಕೇಳಬೇಕು ಮತ್ತು ಅದನ್ನು ಚೌಕಾಸಿಯಿಲ್ಲದೆ ಕೊಡಬೇಕು. ಕಂಪ್ರೆಷನ್, ಇಂಧನದ ಒತ್ತಡ, ವ್ಯಾಕ್ಯೂಮ್ ಈ ಮೂರರ ಅಂಕಿಗಳನ್ನು ಬರೆದು ಪಡೆಯಬೇಕು. ಬದಲಾಯಿಸಿದ ಹಳೆಯ ಭಾಗವನ್ನು ಮರಳಿ ಕೇಳಬೇಕು. ಹಳೆಯ ಕಾರು ಕೊಳ್ಳುವಾಗಲೂ ಮುಂಗಡ ಕೊಡುವ ಮೊದಲೇ ಇದೇ ಪರೀಕ್ಷೆ ಮಾಡಿಸುವುದು ಕ್ಷೇಮ. ಗ್ಯಾರೇಜುಗಳು ಕೂಡ ಅಳತೆಯ ಚೀಟಿಯನ್ನು ತಮ್ಮ ವಿಶ್ವಾಸಾರ್ಹತೆಯ ಗುರುತಾಗಿ ಬಳಸಿಕೊಳ್ಳಬಹುದು.

ಅಳತೆಗೆ ಕೊಟ್ಟ ಹಣ ವ್ಯರ್ಥವೆನಿಸುವುದು ಬಿಲ್ಲು ನೋಡಿದ ದಿನ ಮಾತ್ರ. ಕೊಳ್ಳದೆ ಉಳಿದ ಪಂಪ್, ಕಾಯಿಲ್, ಸೆನ್ಸರುಗಳ ಬೆಲೆಯನ್ನು ಅದರ ಎದುರಿಗಿಟ್ಟು ನೋಡಿದರೆ ಲೆಕ್ಕ ತಾನಾಗಿಯೇ ಸ್ಪಷ್ಟವಾಗುತ್ತದೆ. ಲೆಕ್ಕ ಬಲ್ಲ ವರ್ತಕ ಸಮುದಾಯವೇ ಈ ಪದ್ಧತಿಗೆ ನಾಂದಿ ಹಾಡುವುದು ಉಚಿತ.