ದುಡ್ಡು ಹಂಚೋ ಮಂಡಳಿಯಲ್ಲಿ ನಮ್ಮವರೆಲ್ಲಿ?

ಮೆಡಲ್ ಬಂದಾಗ ಎಲ್ಲರೂ ಭಾರತೀಯರು. ದುಡ್ಡು ಹಂಚುವಾಗ?

1998ರಲ್ಲಿ ಶುರುವಾದ ರಾಷ್ಟ್ರೀಯ ಕ್ರೀಡಾ ಅಭಿವೃದ್ಧಿ ನಿಧಿಯನ್ನೇ ನೋಡಿ. ಒಲಿಂಪಿಕ್ಸ್ ತಯಾರಿಯ ಟಾಪ್ಸ್ ಯೋಜನೆ ರೂಪುಗೊಂಡಿದ್ದೂ ಇದರ ಅಡಿಯಲ್ಲೇ. ಇದರ ಮಂಡಳಿಗೆ ಕೇಂದ್ರ ಕ್ರೀಡಾ ಸಚಿವರೇ ಅಧ್ಯಕ್ಷರು. ಜೊತೆಗೆ ಅಧಿಕಾರಿಗಳು, ಕಂಪನಿ ಮುಖ್ಯಸ್ಥರು. ದಲಿತರಿಗೆ, ಆದಿವಾಸಿಗಳಿಗೆ ಅಂತ ಮೀಸಲಿಟ್ಟ ಕುರ್ಚಿ ಒಂದೂ ಇಲ್ಲ.

ಇದು ಹೊಸದಲ್ಲ. ಧಾರವಾಡದಲ್ಲಿ ಹುಟ್ಟಿದ ದಲಿತ ಬೌಲರ್ ಪಾಲ್ವಂಕರ್ ಬಾಲೂ 1911ರ ಇಂಗ್ಲೆಂಡ್ ಪ್ರವಾಸದಲ್ಲಿ ನೂರಕ್ಕೂ ಹೆಚ್ಚು ವಿಕೆಟ್ ಕಿತ್ತರು. ಆದ್ರೂ ಹಿಂದೂ ತಂಡದ ನಾಯಕತ್ವವನ್ನ ಅವರಿಗೆ ಕೊಡಲಿಲ್ಲ. ಬೆವರು ನಮ್ಮದು, ತೀರ್ಮಾನ ಅವರದು.

ಗುಮಾಸ್ತನಾಗಿ ನಂಗೊತ್ತು: ಯೋಜನೆ ಎಷ್ಟೇ ಚೆನ್ನಾಗಿರಲಿ, ಫೈಲ್ ಯಾರ ಟೇಬಲ್ ಮೇಲಿದೆ ಅನ್ನೋದೇ ಮುಖ್ಯ. ಬರಿಗಾಲಲ್ಲಿ ಓಡೋ ಕೇರಿ ಹುಡುಗಿಯ ಕಷ್ಟ ಬಲ್ಲವರು ಅಲ್ಲಿ ಕೂರಬೇಕು. ನೆರವು ಬೇಡೋದು ಸಾಕು, ಮಂಡಳಿಯಲ್ಲೇ ಪಾಲು ಕೇಳೋಣ.

ಜೈ ಭೀಮ್.