ಗೊಬ್ಬರದಲ್ಲಿ ಹುಟ್ಟುವ ಹರಳು

ಕಲ್ಲೆಂದರೆ ಭೂಗರ್ಭದ ಕಾವಿನಲ್ಲಿ ಬೆಂದು ಬಂದುದೆಂದೇ ನಾವು ಸಾಮಾನ್ಯವಾಗಿ ಭಾವಿಸುವೆವು. ತಿಪ್ಪೆಯ ಮಣ್ಣಿನಲ್ಲಿ ಹುಟ್ಟುವ ಕಲ್ಲೂ ಉಂಟೆಂದರೆ ವಾಚಕರು ನಂಬುವರೆ?

ಜರ್ಮನಿಯ ಹ್ಯಾಂಬುರ್ಗ್ ನಗರದಲ್ಲಿ ಸಂತ ನಿಕೋಲಾಯ್ ಎಂಬ ಕ್ರೈಸ್ತ ದೇವಾಲಯವು 1842ರ ಮಹಾಗ್ನಿಗೆ ಆಹುತಿಯಾಯಿತು. ಹೊಸ ಕಟ್ಟಡಕ್ಕೆಂದು ಅಸ್ತಿಭಾರವನ್ನು ಅಗೆಯುವಾಗ, ಹಳೆಯ ಗೊಬ್ಬರ ಬೆರೆತ ಮಣ್ಣಿನಲ್ಲಿ ಹೊಳೆಯುವ ಹರಳುಗಳು ದೊರೆತುವು. 1845ರಲ್ಲಿ ಉಲೆಕ್ಸ್ ಎಂಬ ರಸಾಯನಜ್ಞನು ಅವನ್ನು ಪರೀಕ್ಷಿಸಿ, ಸ್ಟ್ರೂವೆ ಎಂಬ ರಷ್ಯದ ರಾಜತಂತ್ರಜ್ಞನ ಗೌರವಾರ್ಥವಾಗಿ ‘ಸ್ಟ್ರೂವೈಟ್’ ಎಂದು ಹೆಸರಿಟ್ಟನು. ಮೆಗ್ನೀಷಿಯಂ, ಅಮೋನಿಯ, ಫಾಸ್ಫೇಟ್‌ಗಳೊಡನೆ ನೀರು ಸೇರಿ ಆದ ಈ ಹರಳು ಉಗುರಿನಿಂದ ಗೀರುವಷ್ಟು ಮೃದು. ಬಿಸಿಯಾದ ಒಣಗಾಳಿಯಲ್ಲಿ ನೀರನ್ನು ಕಳೆದುಕೊಂಡು ಬಿಳುಪೇರುವುದು. ಆಸ್ಟ್ರೇಲಿಯದ ಸ್ಕಿಪ್ಟನ್ ಗುಹೆಗಳಲ್ಲಿ ಬಾವಲಿಗಳ ಹಿಕ್ಕೆಯಲ್ಲಿಯೂ ದೊರೆತಿದೆ.

ಮಣ್ಣಿನಲ್ಲಿ ಅಪರೂಪವಾದರೂ ಮನುಷ್ಯದೇಹದಲ್ಲಿ ಇದು ಅಷ್ಟು ಅಪರೂಪವಲ್ಲ. ನಮ್ಮ ಪ್ರಾಚೀನ ವೈದ್ಯರು ಅಶ್ಮರಿಯೆಂದು ಕರೆದ ಮೂತ್ರದ ಕಲ್ಲುಗಳಲ್ಲಿ ಒಂದು ಬಗೆ ಇದೇ. (ಅಶ್ಮವೆಂದರೆ ಕಲ್ಲು, ಸುಶ್ರುತನು ಅಶ್ಮರಿಯ ಶಸ್ತ್ರಚಿಕಿತ್ಸೆಯನ್ನೂ ವಿವರಿಸಿರುವನು.) ಪ್ರೋಟಿಯಸ್ ಮೊದಲಾದ ಸೂಕ್ಷ್ಮಜೀವಿಗಳು ಮೂತ್ರದಲ್ಲಿನ ಯೂರಿಯವನ್ನು ಒಡೆದು ಅಮೋನಿಯವನ್ನು ಹುಟ್ಟಿಸುವುವು, ಮೂತ್ರವು ಕ್ಷಾರಗುಣವನ್ನು ತಳೆಯಲು ಹರಳು ಕಟ್ಟುವುದು. ಹೆಚ್ಚಿನ ನೋವನ್ನೇ ತೋರದೆ, ಜಿಂಕೆಯ ಕೊಂಬಿನಂತೆ ಕವಲೊಡೆದು, ಮೂತ್ರಪಿಂಡದ ಒಳಗೆಲ್ಲ ತುಂಬಿಕೊಳ್ಳುವುದೂ ಉಂಟು. ಶಸ್ತ್ರಕ್ರಿಯೆಯಲ್ಲಿ ಒಂದು ಚೂರು ಉಳಿದರೂ ಅದರಲ್ಲಿ ಅಡಗಿದ ಜೀವಿಗಳು ಮತ್ತೆ ಕಲ್ಲನ್ನು ಬೆಳೆಸಬಲ್ಲುವು. ಆದಕಾರಣ ಮೂತ್ರದ ಸೋಂಕು ಮರಳಿ ಮರಳಿ ಬರುವವರು, ಮುಖ್ಯವಾಗಿ ಮನೆಯ ಹೆಣ್ಣುಮಕ್ಕಳು, ಸಂಕೋಚಪಟ್ಟು ಸುಮ್ಮನಿರಲಾಗದು, ವೈದ್ಯರಿಗೆ ತೋರಿಸಲೇಬೇಕು.

ನಗರದ ಕೊಳಚೆನೀರನ್ನು ಶುದ್ಧಿಮಾಡುವೆಡೆಗಳಲ್ಲಿಯೂ ಈ ಹರಳು ಕೊಳವೆಗಳಲ್ಲಿ ಕಟ್ಟಿ ಕಾಟ ಕೊಡುವುದು. ಈಗ ಕೆಲವು ದೇಶಗಳಲ್ಲಿ ಅದನ್ನು ಬೇಕೆಂದೇ ಹರಳುಗಟ್ಟಿಸಿ ಗೊಬ್ಬರವಾಗಿ ಮಾರುತ್ತಿರುವರು. ನೀರಿನಲ್ಲಿ ಬಲು ನಿಧಾನವಾಗಿ ಕರಗುವುದರಿಂದ, ಮಳೆಗೆ ಬೇಗ ಕೊಚ್ಚಿಹೋಗದೆ ಬೇರಿಗೆ ಮೆಲ್ಲಮೆಲ್ಲನೆ ಒದಗುವುದು.