ಕಛೇರಿಯ ಧ್ವನಿಮುದ್ರಣಕ್ಕೆ ಮೊಬೈಲು ಸಲ್ಲದು



ಬೆಂಗಳೂರಿನ ರಾಮನವಮಿ ಸಂಗೀತೋತ್ಸವಗಳಲ್ಲಿ ಇಂದು ಎಲ್ಲಿ ನೋಡಿದರೂ ಎತ್ತಿ ಹಿಡಿದ ಮೊಬೈಲುಗಳೇ. “ರೆಕಾರ್ಡ್ ಆಗ್ತಿದೆ ಮೇಷ್ಟ್ರೇ” ಎಂದು ನೀವು ಹಿಗ್ಗುತ್ತೀರಿ. ಆಗುತ್ತಿರುವುದು ಧ್ವನಿಮುದ್ರಣವಲ್ಲ, ಸಂಗೀತದ ವಿರೂಪ.

ಮೊಬೈಲಿನ ಮೈಕು ಮಾತಿಗಾಗಿ ರೂಪುಗೊಂಡದ್ದು. ಧ್ವನಿಯ ಮಟ್ಟವನ್ನು ಅದು ಸಾಮಾನ್ಯವಾಗಿ ತಾನೇ ಏರಿಳಿಸುತ್ತದೆ. ಮೃದಂಗದ ಪೆಟ್ಟು ಬಿದ್ದೊಡನೆ ಗಾಯನವನ್ನೂ ಅಮುಕುತ್ತದೆ. ಗಾಯಕರು ಉಸಿರೆಳೆದುಕೊಂಡರೆ ಫ್ಯಾನಿನ ಸದ್ದನ್ನು ಮೇಲೆತ್ತುತ್ತದೆ. ಮಂದ್ರದಿಂದ ತಾರಕ್ಕೇರುವ ಆಲಾಪನೆ ಸಪಾಟಾಗುತ್ತದೆ.

“ಬೇರೆ ಯಂತ್ರಕ್ಕೆ ಹಣವೆಲ್ಲಿ?” ಎಂಬುದು ಕುಂಟುನೆಪ. ದುಬಾರಿ ಮೊಬೈಲಿಗೆ ಸುರಿದ ಹಣದ ಒಂದು ಪಾಲಿಗೇ ಎರಡು ಮೈಕುಗಳ ಪುಟ್ಟ ರೆಕಾರ್ಡರ್ ದೊರೆಯುತ್ತದೆ. ಕೊಳ್ಳುವಾಗ ಮೂರು ಪ್ರಶ್ನೆ ಕೇಳಿ. ಮಟ್ಟವನ್ನು ಕೈಯಿಂದಲೇ ಹೊಂದಿಸಬಹುದೇ? 24 ಬಿಟ್‌ನ ವೇವ್ ಕಡತ ಮಾಡುತ್ತದೆಯೇ? ಬ್ಯಾಟರಿ ಮಂಗಳದವರೆಗೆ ಬಾಳುತ್ತದೆಯೇ? 48 ಕಿಲೋಹರ್ಟ್ಸ್‌ನಲ್ಲಿ ಗಂಟೆಗೆ ಸುಮಾರು 1 ಜಿಬಿ ಸಾಕು. 32 ಜಿಬಿಯ ಕಾರ್ಡಿನಲ್ಲಿ ಮೂರು ಗಂಟೆಯ ಒಂಬತ್ತು ಕಛೇರಿಗಳು ನಿರಾತಂಕವಾಗಿ ಹಿಡಿಸುತ್ತವೆ. ತನಿ ಆವರ್ತನದ ಗಟ್ಟಿ ಪೆಟ್ಟೂ -12 ಡೆಸಿಬೆಲ್ ದಾಟದಂತೆ ಮೊದಲೇ ಮಟ್ಟ ಇಳಿಸಿಡಿ. ಒಡೆದ ಸ್ವರವನ್ನು ಆಮೇಲೆ ಯಾರೂ ಕೂಡಿಸಲಾರರು.

ಎಲ್ಲಕ್ಕಿಂತ ಮೊದಲು ಕಲಾವಿದರ ಒಪ್ಪಿಗೆ ಕೇಳಿ. ಕೇಳದೆ ಮುದ್ರಿಸಿ ಊರಿಗೆಲ್ಲ ಹಂಚುವುದು ರಸಿಕತೆಯಲ್ಲ.

90 ನಿಮಿಷದ ಕ್ಯಾಸೆಟ್ಟನ್ನು 45 ನಿಮಿಷಕ್ಕೊಮ್ಮೆ ಮಗುಚಿ ಹಾಕುತ್ತಿದ್ದ ರಸಿಕರ ಶ್ರದ್ಧೆಯಿಂದ ಎಷ್ಟೋ ಹಳೆಯ ಕಛೇರಿಗಳು ನಮಗೆ ಉಳಿದಿವೆ. ಅಂಥವರ ಮಕ್ಕಳಾದ ನೀವು, ಇಷ್ಟು ಅನುಕೂಲವಿದ್ದೂ ಮೊಮ್ಮಕ್ಕಳಿಗೆ ಗದ್ದಲವನ್ನೇ ಬಿಟ್ಟುಹೋಗುವಿರಾ?